ದೊಡ್ಡಗಂಗಮ್ಮ ಓದಿದ ಗುಡಿಸು

ಏಣಿಯ ಮೇಲೆ ನಿಂತು, ಬಾಯಲ್ಲಿ ಬೈಂಡಿಂಗ್ ವೈರು ಕಚ್ಚಿಕೊಂಡಿರುವ ಮನುಷ್ಯನ ಮಾನ ಕೆಳಗೆ ಹರಾಜಾಗುತ್ತಿದ್ದರೆ ಅವನು ಏನೂ ಮಾತಾಡಲಾರ. ಈ ಸತ್ಯ ಗಂಗಾಧರನಿಗೆ ತಿಳಿದದ್ದು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಉಪ್ಪಾರಹಳ್ಳಿಯ ಒಂದು ನರ್ಸರಿ ಶಾಲೆಯ ಗೇಟಿನ ಮುಂದೆ.

ಶಿರಾ ಗೇಟ್ ಹತ್ತಿರ ಅವನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬವಾಗಲಿ ತಿಥಿಯಾಗಲಿ, ತುಮಕೂರಿನ ಆ ಭಾಗದ ಜನ ತಮ್ಮ ಮುಖವನ್ನು ದೊಡ್ಡದಾಗಿ ನೋಡಿಕೊಳ್ಳಬೇಕೆಂದರೆ ಅವನ ಹತ್ತಿರವೇ ಬರಬೇಕು. ಆ ದಿನ ಅವನು ಕಟ್ಟುತ್ತಿದ್ದದ್ದು ಶಾಲೆಯ ಅಡ್ಮಿಷನ್ ಫ್ಲೆಕ್ಸು. ಮೇಲ್ಗಡೆ ನಗುವ ಮಕ್ಕಳು. ಇಂಟರ್‌ನೆಟ್ಟಿನಿಂದ ಇಳಿಸಿದವರು, ಉಪ್ಪಾರಹಳ್ಳಿಯಲ್ಲಿ ಯಾರ ಮನೆಯಲ್ಲೂ ಹುಟ್ಟಿರದಂಥ ಕೆಂಚುಗೂದಲಿನವರು. ನಡುವೆ ಶಾಲೆಯ ಹೆಸರು. ಎಲ್ಲಕ್ಕಿಂತ ಕೆಳಗೆ, ಕೆಂಪು ಪಟ್ಟಿಯಲ್ಲಿ, ಒಂದು ಸಾಲು. ಆ ಒಂದು ಸಾಲಿಗೋಸ್ಕರ ಅವನು ತನ್ನ ಅವ್ವ ದೊಡ್ಡಗಂಗಮ್ಮನನ್ನೂ ನಾಲ್ಕು ದಾಟಿದ ಮಗಳು ಕಾವ್ಯಳನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಅವ್ವ ಅದನ್ನು ತನ್ನ ಕಣ್ಣಾರೆ ಓದಬೇಕು. ಓದಿ, ಇನ್ನು ಬೇರೆ ದಾರಿಯಿಲ್ಲ ಅಂತ ಸುಮ್ಮನಾಗಬೇಕು. ಇದು ಪ್ಲಾನು.

ದೊಡ್ಡಗಂಗಮ್ಮ ಓದಿರುವುದು ಮೂರನೇ ಕ್ಲಾಸು. ಓದುವುದೆಂದರೆ ಅವಳಿಗೆ ಅಕ್ಕಿ ಆರಿಸಿದ ಹಾಗೆ. ಒಂದೊಂದು ಅಕ್ಷರವನ್ನೂ ಮುಟ್ಟಿ ನೋಡಿ ಪಕ್ಕಕ್ಕೆ ತಳ್ಳಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆರಳೆತ್ತಿ, ಗಟ್ಟಿಯಾಗಿ ಶುರು ಮಾಡಿದಳು.

"ಲ... ಸಿ... ಕೆ. ಲಸಿಕೆ. ಹಾ... ಕಿ... ಸಕ್ಕೆ ಗುಡಿಸು ಕೊಟ್ರೆ ಸಿ... ದ. ಹಾಕಿಸಿದ. ಮಕ್ಕ... ಳಿಗೆ. ಪ್ರ... ವೇಶ... ವಿಲ್ಲ."

ಬೆರಳು ಇಳಿಸಿ, ಏಣಿಯ ಕಡೆ ತಲೆಯೆತ್ತಿದಳು.

"ಏನ್ಲಾ ಗಂಗ, ಸೂಜಿ ಹಾಕ್ಸಿದ್ ಮಕ್ಳುನ್ನ ಸೇರಿಸ್ಕಳಲ್ವಂತೆ! ನಾನ್ ಬಡ್ಕಂಡೆ. ಈಗ್ ನೋಡು, ಇಸ್ಕೂಲ್ನೋರೇ ಬರ್ಸವ್ರೆ."

ಗಂಗಾಧರ ಬಗ್ಗಿ ನೋಡಿದ. 'ಹಾಕಿಸದ' ಎಂದು ಇರಬೇಕಾದ ಕಡೆ 'ಹಾಕಿಸಿದ' ಎಂದಿತ್ತು. ಅಡ್ಮಿಷನ್ನಿಗೆ ಬಂದು ಸಾಲಲ್ಲಿ ನಿಂತಿದ್ದ ಅಪ್ಪ ಅಮ್ಮಂದಿರು ಇಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದರು. ಒಬ್ಬರಿಗೂ ತಪ್ಪು ಕಂಡಿರಲಿಲ್ಲ. ಅವರೆಲ್ಲ ವಿದ್ಯಾವಂತರು, ಏನಿರಬೇಕೋ ಅದನ್ನೇ ಓದಿಕೊಂಡಿದ್ದರು. ಈಗ ಎಲ್ಲರೂ ಕತ್ತೆತ್ತಿದರು. ಬೈಕಿನ ಮೇಲೆ ಕೂತಿದ್ದ ಒಬ್ಬ ಮೊಬೈಲ್ ತೆಗೆದು ಫೋಟೋ ಹೊಡೆದುಕೊಂಡ. ಕೈಯಲ್ಲಿ ಕವರು ಹಿಡಿದಿದ್ದ ಒಬ್ಬ ಹೆಂಗಸು ಗಾಬರಿಯಿಂದ ಕೇಳಿದಳು, "ಸಾರ್, ನಾವು ಎಲ್ಲಾ ಹಾಕ್ಸ್‌ಬಿಟ್ಟಿದೀವಲ್ಲ! ಈಗೇನ್ ಮಾಡೋದು?"

ಗಂಗಾಧರ ಉತ್ತರ ಹೇಳಲು ಬಾಯಿ ತೆರೆದ. ವೈರು ಕೆಳಗೆ ಬಿತ್ತು, ಅದರ ಹಿಂದೆಯೇ ಕಟಿಂಗ್ ಪ್ಲೇಯರೂ ಬಿತ್ತು, ಕೊನೆಗೆ ಒಂದು ಕಡೆ ಮಾತ್ರ ಕಟ್ಟಿದ್ದ ಫ್ಲೆಕ್ಸು ಕೆಂಚುಗೂದಲಿನ ಮಕ್ಕಳ ಸಮೇತ ಅವನ ತಲೆಯ ಮೇಲೆ ಮಗುಚಿಕೊಂಡಿತು. ಆ ಮುಸುಕಿನೊಳಗೆ ಅವನಿಗೆ ಒಂದು ಕ್ಷಣ ನೆಮ್ಮದಿಯೇ ಆಯಿತು. ಹೊರಗಡೆ ಕಾವ್ಯ ಚಪ್ಪಾಳೆ ತಟ್ಟಿ ನಗುತ್ತಿದ್ದಳು.

ನಿಜ ಹೇಳಬೇಕೆಂದರೆ ಆ ಕೆಂಪು ಪಟ್ಟಿಯ ಸಾಲನ್ನು ಶಾಲೆಯವರು ಕೇಳಿರಲೇ ಇಲ್ಲ. ಗಂಗಾಧರನೇ ಮುಖ್ಯೋಪಾಧ್ಯಾಯಿನಿ ಪ್ರಮೀಳಾ ಮೇಡಂ ಅವರ ಕಾಲು ಹಿಡಿಯುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿ ಸೇರಿಸಿದ್ದ. "ಲಸಿಕೆ ಹಾಕಿಸದ ಮಕ್ಕಳಿಗೆ ಪ್ರವೇಶವಿಲ್ಲ ಅಂತ ಒಂದು ಲೈನ್ ಹಾಕ್ಲಾ ಮೇಡಂ? ಚೆನ್ನಾಗಿ ಕಾಣುತ್ತೆ." ಮೇಡಂ ನಕ್ಕು, "ಹಾಕ್ಕೊಳ್ಳಿ ಬಿಡಿ, ಕೆಳಗಿನ ಲೈನ್ ಯಾರು ಓದ್ತಾರೆ" ಅಂದಿದ್ದರು. ಓದುವವಳು ಒಬ್ಬಳಿದ್ದಾಳೆ, ಅವಳಿಗಾಗಿಯೇ ಹಾಕುತ್ತಿರುವುದು ಎಂದು ಗಂಗಾಧರ ಹೇಳಿರಲಿಲ್ಲ.

ಈಗ ಆ ಓದುವವಳ ವಿಷಯ.

ಗುಬ್ಬಿ ಕಡೆಯ ಒಂದು ಹಳ್ಳಿಗೆ ದೊಡ್ಡಗಂಗಮ್ಮ ಸೊಸೆಯಾಗಿ ಬಂದವಳು. ತೌರು ಕುಣಿಗಲ್ ದಾಟಿ ಹುಲಿಯೂರುದುರ್ಗದ ಕಡೆ. ಗಂಡ ರಾಮಾಂಜಿನಯ್ಯ ಪಂಚಾಯ್ತಿಯಲ್ಲಿ ವಾಟರ್‌ಮ್ಯಾನ್ ಆಗಿದ್ದ. ಬೋರ್‌ವೆಲ್ಲಿನ ಮೋಟರು ಹಾಕುವುದು, ವಾಲ್ವು ತಿರುಗಿಸಿ ಕೇರಿಕೇರಿಗೆ ನೀರು ಬಿಡುವುದು. ಗಂಗಾಧರ ಹೈಸ್ಕೂಲಿನಲ್ಲಿದ್ದಾಗ ಅವನು ತೀರಿಕೊಂಡ. ಹನ್ನೊಂದನೇ ದಿನ ಕಳೆದ ಮೇಲೂ ಪಂಚಾಯ್ತಿಯವರು ಬೇರೆ ಯಾರನ್ನೂ ಹಾಕಲಿಲ್ಲ. ಊರಲ್ಲಿ ನೀರಿಲ್ಲ. ದೊಡ್ಡಗಂಗಮ್ಮ ಗೂಟಕ್ಕೆ ನೇತುಹಾಕಿದ್ದ ವಾಲ್ವಿನ ಕೀಲಿ ತೆಗೆದುಕೊಂಡು ಹೋಗಿ ತಿರುಗಿಸಿಬಿಟ್ಟಳು. ಆಮೇಲೆ ಬಹಳ ವರ್ಷ ಅವಳೇ ತಿರುಗಿಸಿದಳು. ಯಾವ ಕೇರಿಗೆ ಮೊದಲು, ಯಾವ ಕೇರಿಗೆ ಆಮೇಲೆ ಎಂದು ಅವಳು ಯಾವತ್ತೂ ಯಾರನ್ನೂ ಕೇಳಲಿಲ್ಲ. ಒಮ್ಮೆ ಮೆಂಬರೊಬ್ಬ, "ಒಂದ್ ಮಾತು ಕೇಳ್‌ಬೋದಿತ್ತಲ್ಲ ಗಂಗಮ್ಮ" ಅಂದದ್ದಕ್ಕೆ, "ಕೇಳುದ್ರೆ ಮೇಲ್ಗೇರಿಯೋರು ನಮ್ಗೆ ಮದ್ಲು ಅಂತಾರೆ, ಕೆಳ್ಗೇರಿಯೋರು ನಮ್ಗೆ ಮದ್ಲು ಅಂತಾರೆ. ನೀರು ಮಾತ್ರ ಟ್ಯಾಂಕಲ್ಲೇ ಇರ್ತದೆ" ಅಂದಿದ್ದಳು.

ಇಂಥವಳ ಹೊಟ್ಟೆಯಲ್ಲಿ ಗಂಗಾಧರ ಹೇಗೆ ಹುಟ್ಟಿದನೋ. ಅವನು ಕೇಳದೆ ಏನೂ ಮಾಡುವವನಲ್ಲ. ಹೋಟೆಲಿನಲ್ಲಿ ದೋಸೆ ತಿನ್ನಲೋ ಇಡ್ಲಿ ತಿನ್ನಲೋ ಎಂದು ಮಾಣಿಯನ್ನೇ ಕೇಳುವವನು. ಗಿರಾಕಿ ಹಸಿರು ಬಣ್ಣ ಅಂದರೆ, "ಯಾವ ಹಸಿರು ಸಾರ್?" ಎಂದು ಕೇಳಿ ಕೇಳಿ ಕೊನೆಗೆ ನೀಲಿಯಲ್ಲಿ ಪ್ರಿಂಟ್ ಹಾಕುವವನು. ಮದುವೆಯನ್ನೂ ಎಲ್ಲರನ್ನೂ ಕೇಳಿಯೇ ಆಗಿದ್ದರಿಂದ ತಡವಾಗಿ ಆಯಿತು. ಮಗು ಇನ್ನೂ ತಡ. ನಲವತ್ತು ದಾಟಿದ ಮೇಲೆ ಹುಟ್ಟಿದ ಕಾವ್ಯಳನ್ನು ದೊಡ್ಡಗಂಗಮ್ಮ ನೆಲಕ್ಕೆ ಬಿಡಲಿಲ್ಲ.

ಕೂಸಿಗೆ ಮೊದಲ ಸಲ ಸೂಜಿ ಹಾಕಿಸಿಕೊಂಡು ಬಂದ ಸಂಜೆ ಜ್ವರ ಏರಿತು. ಏರಿ, ಕೂಸು ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತು. ಆಸ್ಪತ್ರೆಯ ಡಾಕ್ಟರು ನೋಡಿ, ಜ್ವರಕ್ಕೆ ಕೆಲವು ಮಕ್ಕಳಿಗೆ ಹೀಗಾಗುತ್ತೆ, ಹೆದರಬೇಡಿ, ಮುಂದಿನದನ್ನು ತಪ್ಪಿಸಬೇಡಿ ಅಂದರು. ಅಷ್ಟರಲ್ಲಿ ದೊಡ್ಡಗಂಗಮ್ಮ ಮನೆಯಲ್ಲಿ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿ, ತೌರಿನ ದೇವರು ಹುಣಸೇಮರದಮ್ಮನಿಗೆ ಮುಡಿಪು ಕಟ್ಟಿಬಿಟ್ಟಿದ್ದಳು: ನೀನು ಅಪ್ಪಣೆ ಕೊಡೋವರೆಗೂ ಈ ಕೂಸಿಗೆ ಸೂಜಿ ತಾಕಿಸಲ್ಲ ತಾಯಿ, ಕಣ್ಣು ಬಿಡಿಸು. ಕೂಸು ಕಣ್ಣು ಬಿಟ್ಟಿತು. ಡಾಕ್ಟರು ತಮ್ಮ ಔಷಧದಿಂದ ಅಂದರು. ದೊಡ್ಡಗಂಗಮ್ಮ ಡಾಕ್ಟರ ಜೊತೆ ವಾದ ಮಾಡಲಿಲ್ಲ. ಮುಡಿಪಿನ ಗಂಟು ದೇವರ ಫೋಟೋದ ಪಕ್ಕದ ಮೊಳೆಯಲ್ಲಿ ಹೋಗಿ ಕೂತಿತು.

ಅಂದಿನಿಂದ ಆ ಮೊಳೆಯ ಕೆಳಗೆ ಗಂಗಾಧರನ ಸಂಸಾರ ನಡೆದು ಬಂದಿದೆ. ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆ, "ಯಾವಾಗ ಕರ್ಕೊಂಡ್ ಬರ್ತೀರಾ ಸಾರ್?" ಎಂದರೆ, "ಅವ್ವನ್ನ ಒಂದ್ ಮಾತು ಕೇಳಿ ಹೇಳ್ತೀನಿ" ಅನ್ನುತ್ತಿದ್ದ. ಕೇಳುತ್ತಲೂ ಇದ್ದ. ಮುದ್ದೆ ಮುರಿಯುತ್ತಾ ಕೇಳುತ್ತಿದ್ದ, ಧಾರಾವಾಹಿಯ ಜಾಹೀರಾತಿನ ಮಧ್ಯೆ ಕೇಳುತ್ತಿದ್ದ. "ಅವ್ವ, ಕಾವ್ಯಂಗೆ ಆ ಇಂಜೆಕ್ಷನ್ನು ಹಾಕ್ಸ್ಲಾ?"

"ಬ್ಯಾಡ ಕಣ್ಲಾ."

ಅವನ ಹೆಂಡತಿ ನಂದಿತಾ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರು, ದಿನಾ ಮೂವತ್ತು ಹೆಂಗಸರನ್ನು ಹದ್ದುಬಸ್ತಿನಲ್ಲಿ ಇಡುವವಳು. "ನಿಮ್ ಕೈಲಾಗಲ್ಲ ರೀ, ನಾನೇ ಕರ್ಕೊಂಡ್ ಹೋಗ್ತೀನಿ" ಎಂದು ಒಂದು ದಿನ ರಜೆ ಹಾಕಿ ಮಗುವನ್ನು ಹೊತ್ತು ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿ ಬೆಂಚಿನ ಮೇಲೆ ದೊಡ್ಡಗಂಗಮ್ಮ ಆಗಲೇ ಬಂದು ಕೂತಿದ್ದಾಳೆ, ಅಂಗೈಯಲ್ಲಿ ಮುಡಿಪಿನ ಗಂಟು. ಬೈಯಲಿಲ್ಲ, ಅಳಲಿಲ್ಲ, ಬರಿದೆ ಕೂತಿದ್ದಳು. ನಂದಿತಾ ಬಾಗಿಲವರೆಗೂ ಧೈರ್ಯವಾಗಿ ನಡೆದು, ಅಲ್ಲಿ ತಡೆಯಲಾರದೆ ತಿರುಗಿ, "ಏನತ್ತೆ, ಹಾಕ್ಸ್ಲಾ?" ಎಂದು ಕೇಳಿಯೇಬಿಟ್ಟಳು.

"ಬ್ಯಾಡ ಕಣವ್ವ."

ಮೂವರೂ ಒಂದೇ ಆಟೋದಲ್ಲಿ ವಾಪಸು ಬಂದರು. "ಬೈದಿದ್ರೆ ಹಾಕ್ಸ್ಕೊಂಡೇ ಬರ್ತಿದ್ದೆ ರೀ" ಎಂದು ನಂದಿತಾ ಆ ರಾತ್ರಿ ಗಂಡನಿಗೆ ಹೇಳಿದಳು. "ಬೈಲೇ ಇಲ್ಲ."

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಗಂಗಾಧರನಿಗೆ ಉಳಿದದ್ದು ಒಂದೇ ಆಸೆ: ಯಾರಾದರೂ ತನ್ನನ್ನು ಬಲವಂತ ಮಾಡಬೇಕು. ಅವನಿಗೆ ಹೆಲ್ಮೆಟ್ಟಿನ ಅನುಭವವಿತ್ತು. ತಲೆ ಒಡೆಯುತ್ತೆ ಎಂದು ಎಷ್ಟು ವರ್ಷ ಹೇಳಿದರೂ ಅವನಿಂದ ಅವ್ವನಿಗೆ ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ಹಾಕಿಸಲು ಆಗಿರಲಿಲ್ಲ. ತುರುಬು ಕೆಡುತ್ತೆ ಅನ್ನುತ್ತಿದ್ದಳು. ಶಿರಾ ಗೇಟಿನಲ್ಲಿ ಪೊಲೀಸರು ನಿಂತು ಹಿಡಿಯಲು ಶುರು ಮಾಡಿದ ದಿನ ತಾನೇ ಕೇಳಿ ಇಸಕೊಂಡು ತುರುಬಿನ ಮೇಲೆ ಕವುಚಿಕೊಂಡಳು. ಅವ್ವ ತಲೆಗೆ ಹೆದರುವವಳಲ್ಲ, ಕಾನೂನಿಗೆ ಮರ್ಯಾದೆ ಕೊಡುವವಳು. ಹಾಗಾದರೆ ಲಸಿಕೆ ಇಲ್ಲದಿದ್ದರೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎಂದು ಯಾರಾದರೂ ಬಾಗಿಲಲ್ಲಿ ಅಡ್ಡ ನಿಂತರೆ ಸಾಕಲ್ಲ! ತಾನು ಅವ್ವನ ಎದುರು ನಿಲ್ಲಬೇಕಿಲ್ಲ. "ನಾನೇನ್ ಮಾಡ್ಲಿ ಅವ್ವ, ರೂಲ್ಸು" ಎಂದು ಕೈಚೆಲ್ಲಿದರೆ ಆಯಿತು. ಲೋಕದಲ್ಲಿ ಜನ ರೂಲ್ಸಿನಿಂದ ತಪ್ಪಿಸಿಕೊಳ್ಳಲು ಪ್ರಭಾವ ಬೀರುತ್ತಾರೆ. ರೂಲ್ಸು ತನ್ನ ಮೇಲೆ ಬೀಳಲಿ ಎಂದು ಶಾಲೆಯ ಸುತ್ತ ತಿರುಗಿದವನು ಗಂಗಾಧರನೊಬ್ಬನೇ ಇರಬೇಕು.

ಅದಕ್ಕೇ ಆ ಫ್ಲೆಕ್ಸು. ಅದಕ್ಕೇ ಆ ಗುಡಿಸು ಅವನನ್ನು ಹಾಗೆ ಹೊಡೆದದ್ದು.

ಅವತ್ತು ಪ್ರಮೀಳಾ ಮೇಡಂ ಹೊರಗೆ ಬಂದು, ಮುಸುಕು ತೆಗೆಸಿ, ಕೆಂಪು ಪಟ್ಟಿಯ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದರು. ಆಮೇಲೆ ಅವನನ್ನು ಒಳಗೆ ಕರೆದು ಕೂರಿಸಿದರು.

"ಮಗಳಿಗೆ ಸೀಟ್ ಬೇಕಾ ಗಂಗಾಧರ್ ಅವ್ರೇ?"

"ಬೇಕು ಮೇಡಂ. ಆದ್ರೆ ಅವಳಿಗೆ ಲಸಿಕೆ ಆಗಿಲ್ಲ. ನಿಮ್ ರೂಲ್ಸ್ ಪ್ರಕಾರ ಸೇರಿಸ್ಕೊಳ್ಳೋ ಹಾಗಿಲ್ಲ."

"ಪರವಾಗಿಲ್ಲ, ಅಡ್ಜಸ್ಟ್ ಮಾಡೋಣ."

"ಅಡ್ಜಸ್ಟ್ ಮಾಡ್ಬೇಡಿ ಮೇಡಂ!"

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. ಅವನು ಮುಡಿಪಿನ ಕಥೆ ಪೂರ್ತಿ ಹೇಳಿದ. ಹೇಳಿ, "ನೀವು ಆಗಲ್ಲ ಅಂತ ಅವ್ವನ ಎದುರು ಒಂದ್ಸಲ ಗದರಿಸಿ ಹೇಳ್ಬಿಡಿ, ಸಾಕು" ಎಂದು ಕೈಮುಗಿದ.

"ನೋಡಿ" ಅಂದರು ಮೇಡಂ, "ನಮ್ಮ ಮ್ಯಾನೇಜ್‌ಮೆಂಟ್‌ಗೆ ಮಕ್ಕಳು ಬೇಕು. ನಾವು ಬಾಗ್ಲು ಹಾಕಿದ್ರೆ ಪಕ್ಕದ್ ರೋಡಲ್ಲಿ ಇನ್ನೊಂದು ಸ್ಕೂಲು ಬಾಗ್ಲು ತಕ್ಕೊಂಡ್ ಕೂತಿರುತ್ತೆ. ಅದು ಬಿಡಿ. ನಂಗೂ ಮನಸ್ಸು ಬರಲ್ಲ. ದೊಡ್ಡೋರು ಹಾಕ್ಸಿಲ್ಲ ಅಂತ ಮಗೂನ ಗೇಟಿನ್ ಹೊರಗೆ ನಿಲ್ಸೋದು ಯಾವ ನ್ಯಾಯ? ಅದೇನ್ ತಪ್ಪು ಮಾಡಿದೆ?"

ಗಂಗಾಧರನಿಗೆ ಇದೂ ಸರಿ ಅನ್ನಿಸಿತು. ಅವನ ಕಷ್ಟವೇ ಅದು. ಅವನಿಗೆ ಎದುರಿಗೆ ಕೂತವರು ಹೇಳಿದ್ದೆಲ್ಲ ಸರಿ ಅನ್ನಿಸುತ್ತಿತ್ತು. ಆದರೂ ಹೊರಡುವಾಗ ಬಾಗಿಲಲ್ಲಿ ನಿಂತು, "ಪಕ್ಕದಲ್ಲಿ ಕೂರೋ ಮಗು ಏನ್ ತಪ್ಪು ಮಾಡಿರುತ್ತೆ ಮೇಡಂ?" ಎಂದು ಕೇಳಿದ. ಮೇಡಂ ಕನ್ನಡಕ ಹಾಕಿಕೊಂಡು ಫೋನ್ ಎತ್ತಿದರು.

ಇನ್ನುಳಿದದ್ದು ಹುಣಸೇಮರದಮ್ಮ. ಅಪ್ಪಣೆ ಕೊಡಬೇಕಾದವಳನ್ನೇ ಕೇಳೋಣ ಎಂದು ಮೇ ತಿಂಗಳಲ್ಲಿ ಗಂಗಾಧರ ಅವ್ವನನ್ನು ಹೊರಡಿಸಿದ. ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ, ಹುಲಿಯೂರುದುರ್ಗದ ರಸ್ತೆಯಲ್ಲಿ ಇಳಿದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದ. ಚಿಕ್ಕ ಗುಡಿ, ಚಿಕ್ಕ ಕಲ್ಲು, ದೊಡ್ಡ ಕಣ್ಣು. ಪೂಜಾರಿ ಅಂಜಿನಪ್ಪ ದೊಡ್ಡಗಂಗಮ್ಮನಿಗೆ ದೂರದ ಸಂಬಂಧದಲ್ಲಿ ತಮ್ಮನಾಗಬೇಕು.

"ಬಾ ಗಂಗಕ್ಕ. ಹೂವು ಕೇಳ್ಬೇಕಾ?"

ಅಲ್ಲಿಯ ಪದ್ಧತಿ ಎಲ್ಲರಿಗೂ ಗೊತ್ತಿರುವಂಥದ್ದೇ. ಅಮ್ಮನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂವು ಅಂಟಿಸುತ್ತಾರೆ. ಮನಸ್ಸಿನಲ್ಲಿರುವುದನ್ನು ಕೇಳಬೇಕು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಅಂಜಿನಪ್ಪ ಹೂವು ಅಂಟಿಸಿ, ಗಂಟೆ ಆಡಿಸಿ, "ಕೇಳು" ಎಂದ. ಗಂಗಾಧರ ಕೈಮುಗಿದು ಮುಂದೆ ಬಂದ. ದೇವಿಯನ್ನು ಏನು ಕೇಳಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ. ಆದರೆ ಆ ದೊಡ್ಡ ಕಣ್ಣಿನ ಎದುರು ನಿಂತಾಗ ಅಭ್ಯಾಸಬಲ ಗೆದ್ದಿತು.

"ತಾಯಿ, ಮಗೀಗೆ ಸೂಜಿ ಹಾಕ್ಸ್ಲಾ, ಬ್ಯಾಡ್ವಾ?"

ಪಟಕ್ಕನೆ ಬಲಗಡೆಯ ಹೂವು ಬಿತ್ತು.

"ಕೊಟ್ಳು! ಬಲಗಡೇನೇ ಕೊಟ್ಳು!" ಎಂದು ಗಂಗಾಧರ ಅಲ್ಲೇ ಒಂದು ಹೆಜ್ಜೆ ಕುಣಿದ.

"ಏನ್ ಕೊಟ್ಳು?" ಎಂದಳು ದೊಡ್ಡಗಂಗಮ್ಮ.

"ಹೌದು ಅಂದ್ಳಲ್ಲ ಅವ್ವ!"

"ಯಾವುದುಕ್ಕೆ ಹೌದು? ಹಾಕ್ಸ್ಲಾ ಅಂದೆ, ಬ್ಯಾಡ್ವಾ ಅಂದೆ. ಬ್ಯಾಡ್ವಾ ಅಂದಿದ್ ಕಡೇಲಿ. ಅದುಕ್ಕೆ ಹೌದು ಅಂದವ್ಳೆ."

ಗಂಗಾಧರ ಅಂಜಿನಪ್ಪನ ಮುಖ ನೋಡಿದ. ಅಂಜಿನಪ್ಪ ದೇವಿಯ ಮುಖ ನೋಡಿದ. "ಒಂದ್ ಪ್ರಶ್ನೆ ಕೇಳ್ಬೇಕಪ್ಪ" ಅಂದ ಅವನು ನಿಧಾನವಾಗಿ. "ನೀನ್ ಎಲ್ಡು ಕೇಳ್ದೆ."

"ಇನ್ನೊಂದ್ಸಲ ಕೇಳ್ತೀನಿ, ಅಂಟ್ಸು ಮಾವ."

"ಒಂದ್ ವಿಷ್ಯುಕ್ಕೆ ಒಂದೇ ಸಲ. ಇನ್ನು ಮುಂದಿನ್ ವರ್ಷ."

ವಾಪಸು ಬರುವಾಗ ಕುಣಿಗಲ್ ಬಸ್ಸಿನ ಕಿಟಕಿಯ ಪಕ್ಕ ದೊಡ್ಡಗಂಗಮ್ಮ ಮಲಗಿದ್ದ ಮೊಮ್ಮಗಳ ಜುಟ್ಟು ಸರಿಮಾಡುತ್ತಾ ಕೂತಿದ್ದಳು. ತೋಳಿನ ಸೆರಗು ಗಾಳಿಗೆ ಸರಿದಾಗ ಅಲ್ಲಿ ಎರಡು ಗುಂಡನೆಯ ಹಳೇ ಗುರುತು ಕಾಣುತ್ತಿತ್ತು. ಚಿಕ್ಕವಳಿದ್ದಾಗ ಸಿಡುಬಿನ ಸೂಜಿ ಹಾಕುವವರು ಊರಿಗೆ ಬಂದಾಗ ಅವಳು ರಾಗಿ ತುಂಬುವ ವಾಡೆಯ ಹಿಂದೆ ಅವಿತುಕೊಂಡಿದ್ದಳಂತೆ; ಅಪ್ಪ ಜಡೆ ಹಿಡಿದು ಎಳೆದುಕೊಂಡು ಹೋಗಿ ತೋಳು ಒಡ್ಡಿಸಿದ್ದನಂತೆ. ಅದನ್ನು ಅವಳು ಎಷ್ಟೋ ಸಲ ನಗುತ್ತಾ ಹೇಳಿದ್ದಳು.

"ಅವ್ವ, ನೀನೇ ಒಂದ್ ಸಲ ಹೂಂ ಅಂದ್ಬುಡು. ಅಮ್ಮ ಏನೂ ಅನ್ಕಳಲ್ಲ."

ದೊಡ್ಡಗಂಗಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ಹೂಂ ಅಂತ ನಾನ್ ಹೆಂಗ್ಲಾ ಅನ್ಲಿ? ಅವತ್ತಿನಂಗೆ ಮಗು ಮತ್ತೆ ಕಣ್ಣು ಮ್ಯಾಕ್ ಮಾಡುದ್ರೆ, ಹೂಂ ಅಂದಿದ್ ಬಾಯಿ ನಂದೇ ಅಲ್ವಾ?"

ಅದೂ ಗಂಗಾಧರನಿಗೆ ಸರಿ ಅನ್ನಿಸಿತು.

ಜೂನ್‌ನಲ್ಲಿ ಕಾವ್ಯ ಶಾಲೆಗೆ ಸೇರಿದಳು. ಪ್ರಮೀಳಾ ಮೇಡಂ ಅಡ್ಜಸ್ಟ್ ಮಾಡಿಯೇಬಿಟ್ಟರು. "ಆಮೇಲೆ ಹಾಕ್ಸ್ಕೊಂಡ್ ಬನ್ನಿ" ಅಂದರು. ಆಮೇಲೆ ಎಂಬುದು ಬಹಳ ಉದಾರವಾದ ಮಾತು. ನೀಲಿ ಸ್ಕರ್ಟು ಹಾಕಿಕೊಂಡು, ಅಜ್ಜಿಯ ಕೈಹಿಡಿದು, ಅವಳು ದಿನಾ ಆ ಬಿಳಿ ಸ್ಟಿಕ್ಕರಿನ ಕೆಳಗೇ ನಡೆದು ಒಳಗೆ ಹೋಗುತ್ತಿದ್ದಳು.

ಆಷಾಢ ಮುಗಿಯುವ ಹೊತ್ತಿಗೆ ಮೊದಲು ಕೆಮ್ಮು ಬಂತು, ಆಮೇಲೆ ಕಣ್ಣು ಕೆಂಪಗಾಯಿತು, ಆಮೇಲೆ ಕಿವಿಯ ಹಿಂದಿನಿಂದ ಶುರುವಾಗಿ ಮೈತುಂಬ ಕೆಂಪು ಗಂಧೆ ಎದ್ದಿತು. ದಡಾರ. "ಅಮ್ಮ ಆಗವ್ಳೆ" ಎಂದು ದೊಡ್ಡಗಂಗಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು, ಒಗ್ಗರಣೆ ನಿಲ್ಲಿಸಿದಳು, ಮಗುವಿನ ಪಕ್ಕದಿಂದ ಏಳಲಿಲ್ಲ. ಬಂದ ಅಮ್ಮ ನಗುನಗುತ್ತಾ ಹೋಗಬೇಕು, ಹಾಗೇ ಹೊರಡು ತಾಯಿ ಎಂದು ಬೇಡುತ್ತಾ ಕೂತಳು. ಅಮ್ಮ ಹೋಗಲಿಲ್ಲ, ಎದೆಗೆ ಇಳಿದಳು. ಒಂದು ಮಧ್ಯಾಹ್ನ ಮಗು ಉಸಿರೆಳೆದಾಗಲೆಲ್ಲ ಪಕ್ಕೆಲುಬು ಒಳಗೆ ಹೋಗಿ ಬರುವುದನ್ನು ಕಂಡ ನಂದಿತಾ ಯಾರನ್ನೂ ಕೇಳದೆ ಅವಳನ್ನು ಎತ್ತಿಕೊಂಡು ಓಡಿದಳು. ಗಂಗಾಧರ ಅವಳ ಹಿಂದೆ. ದೊಡ್ಡಗಂಗಮ್ಮ ಗಂಗಾಧರನ ಹಿಂದೆ, ಮುಷ್ಟಿಯಲ್ಲಿ ಮುಡಿಪು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸ್ಟೆತಾಸ್ಕೋಪ್ ಇಡುತ್ತಲೇ, "ಲಸಿಕೆ ಹಾಕ್ಸಿದೀರಾ?" ಎಂದಳು.

"ನಮ್ಮವ್ವ..." ಎಂದು ಗಂಗಾಧರ ಶುರು ಮಾಡಿದ.

"ನಾನು ನಿಮ್ಮವ್ವನ ವಿಷಯ ಕೇಳಿಲ್ಲ."

ಆಮೇಲೆ ಯಾರೂ ಅವನನ್ನು ಏನೂ ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವನೂ ಏನನ್ನೂ ಕೇಳಲಿಲ್ಲ. ಆಕ್ಸಿಜನ್ನಿನ ಕೊಳವೆ ಬಂತು. ಒಬ್ಬ ನರ್ಸ್ ಹುಡುಗಿ ಟ್ರೇ ಹಿಡಿದು ಬಂದು, ಮಂಚದ ತುದಿಯಲ್ಲಿ ಕೂತಿದ್ದ ದೊಡ್ಡಗಂಗಮ್ಮನಿಗೆ, "ಅಜ್ಜಿ, ಕೈ ಗಟ್ಟಿಯಾಗಿ ಹಿಡ್ಕೊಳ್ಳಿ, ಅಲ್ಲಾಡ್ಸಬಾರದು" ಅಂದಳು. ಈಗ ಅವ್ವ ಮುಡಿಪು ತೋರಿಸುತ್ತಾಳೆ, ಈಗ ಬ್ಯಾಡ ಅನ್ನುತ್ತಾಳೆ ಎಂದು ಗಂಗಾಧರ ಕಾದ. ದೊಡ್ಡಗಂಗಮ್ಮ ಮುಡಿಪನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಮೊಮ್ಮಗಳ ಮಣಿಕಟ್ಟು ಹಿಡಿದುಕೊಂಡಳು. ಸೂಜಿ ಒಳಗೆ ಹೋಯಿತು. ಮಗು ಕಿರುಚಲೂ ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆಯಿತು. ನಾಲ್ಕು ವರ್ಷ ಕಾದಿಟ್ಟ ಹರಕೆ ಒಂದು ಪ್ಲಾಸ್ಟರಿನ ಕೆಳಗೆ ಮುಗಿಯಿತು.

ಪಕ್ಕದ ಮಂಚದಲ್ಲಿ ಒಂದು ಎಳೆಗೂಸಿತ್ತು, ಅದಕ್ಕೂ ದಡಾರ. ಅದಕ್ಕಿನ್ನೂ ಆ ಸೂಜಿ ಹಾಕುವ ವಯಸ್ಸೇ ಆಗಿರಲಿಲ್ಲ. ಅದರ ಅಕ್ಕ ಕಾವ್ಯಳ ಕ್ಲಾಸಿನವಳೇ, ಅದೇ ಬೆಂಚಿನವಳು. ಆ ಕೂಸಿನ ತಾಯಿಯನ್ನು ಗಂಗಾಧರ ಗುರುತು ಹಿಡಿದ. ಏಪ್ರಿಲ್‌ನಲ್ಲಿ ಗೇಟಿನ ಮುಂದೆ, ಎಲ್ಲಾ ಹಾಕಿಸಿಬಿಟ್ಟಿದೀವಲ್ಲ ಎಂದು ಗಾಬರಿಬಿದ್ದ ಹೆಂಗಸು. ಅವಳಿಗೆ ಅವನ ಗುರುತು ಸಿಗಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವನಿಗೂ ಒಂದು ಲೋಟ ಕೊಟ್ಟಳು.

"ದೊಡ್ಡವಳಿಗೆ ಎಲ್ಲಾ ಹಾಕ್ಸಿದೀವಿ, ಅವಳಿಗೆ ಏನೂ ಆಗ್ಲಿಲ್ಲ. ಇದಕ್ಕೆ ಎಲ್ಲಿಂದ ಬಂತೋ ಗೊತ್ತಿಲ್ಲ ಅಣ್ಣ. ಸ್ಕೂಲಿಂದ ಕರ್ಕೊಂಡ್ ಬರೋವಾಗ ಇದನ್ನೂ ಎತ್ಕೊಂಡ್ ಹೋಗ್ತಿದ್ದೆ. ಕ್ಲಾಸಲ್ಲಿ ಯಾರಿಗಾದ್ರೂ ಇತ್ತಾ? ನಿಮ್ ಮಗೂಗೆ ಹಾಕ್ಸಿದ್ರಾ?"

ಗಂಗಾಧರ ಕಾಫಿ ಕುಡಿದ. ಬಿಸಿ ಕಾಫಿ, ನಾಲಿಗೆ ಸುಟ್ಟಿತು, ಅದೇ ನೆಪವಾಯಿತು. ಯಾರಿಂದ ಯಾರಿಗೆ ಬಂತು ಎಂದು ಅವನಿಗೂ ಗೊತ್ತಿರಲಿಲ್ಲ. ತನ್ನ ಮಗಳಿಂದ ಅಲ್ಲ ಎಂದು ಹೇಳಲು ಆಗುವುದಿಲ್ಲ ಎಂಬುದಷ್ಟೇ ಗೊತ್ತಿತ್ತು. ಮಾರನೇ ದಿನ ಆ ಕೂಸನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಈಗ ಚೆನ್ನಾಗಿದೆಯಂತೆ. ಅಂತೆ ಎಂಬುದರ ಆಚೆ ವಿಚಾರಿಸಲು ಅವನಿಗೆ ಧೈರ್ಯ ಬರಲಿಲ್ಲ. ಎಲ್ಲವನ್ನೂ ಎಲ್ಲರನ್ನೂ ಕೇಳುವ ಮನುಷ್ಯ ಅದೊಂದನ್ನು ಇವತ್ತಿಗೂ ಯಾರನ್ನೂ ಕೇಳಿಲ್ಲ.

ಕಾವ್ಯ ಮನೆಗೆ ಬಂದಳು. ಸ್ಕರ್ಟು ಸಡಿಲವಾಗಿ, ಹುಕ್ಕು ಎರಡು ಮನೆ ಒಳಗೆ ಸರಿಯಿತು. ಡಾಕ್ಟರಮ್ಮ ಬಿಡುಗಡೆ ಮಾಡುವಾಗ, ಬಾಕಿ ಇರುವ ಲಸಿಕೆಗಳನ್ನೆಲ್ಲ ಮಗು ಸುಧಾರಿಸಿಕೊಂಡ ಮೇಲೆ ಒಂದೊಂದಾಗಿ ಹಾಕಿಸಬೇಕು ಅಂದಿದ್ದಳು. "ಹಾಕಿಸ್ತೀರಾ?" ಎಂದು ಅವಳು ಕೇಳಲಿಲ್ಲ, ತಾರೀಖು ಹೇಳಿದಳು.

ಪ್ರಮೀಳಾ ಮೇಡಂ ಫೋನ್ ಮಾಡಿದ್ದು ಅದಾದ ಮೇಲೆ. ಕ್ಲಾಸಿನಲ್ಲಿ ಇನ್ನೂ ಒಂದಿಬ್ಬರಿಗೆ ಬಂದು, ಎರಡು ವಾರ ನರ್ಸರಿ ಮುಚ್ಚಿದ್ದರು. "ಗಂಗಾಧರ್ ಅವ್ರೇ, ಗೇಟಿಗೆ ಒಂದು ಬೋರ್ಡ್ ಬೇಕು. ಆ ಲೈನ್ ಇತ್ತಲ್ಲ, ಅದೊಂದೇ. ದೊಡ್ಡದಾಗಿ. ಈ ಸಲ ದಯವಿಟ್ಟು ಸರಿಯಾಗಿ ಹಾಕಿ."

ಗಂಗಾಧರ ಅಂಗಡಿಯಲ್ಲಿ ಕೂತು ಟೈಪ್ ಮಾಡಿದ. ಅಕ್ಷರಗಳನ್ನು ಬೆರಳುದ್ದ ದೊಡ್ಡದು ಮಾಡಿ ನೋಡಿದ. ಮುಂದಿನಿಂದ ಓದಿದ, ಹಿಂದಿನಿಂದ ಓದಿದ. ಆದರೆ ತನ್ನ ಕಣ್ಣಿನ ಮೇಲೆ ಅವನಿಗೆ ನಂಬಿಕೆ ಹೋಗಿತ್ತು. ಅದು ಏನಿರಬೇಕೋ ಅದನ್ನೇ ಓದುವ ಕಣ್ಣು. ಹಿಂದುಗಡೆ ಬೆಂಚಿನ ಮೇಲೆ ದೊಡ್ಡಗಂಗಮ್ಮ ಮೊಮ್ಮಗಳಿಗೆ ಕಿತ್ತಳೆ ತೊಳೆ ಬಿಡಿಸಿ ಕೊಡುತ್ತಿದ್ದಳು.

"ಅವ್ವ, ಬಾ ಇಲ್ಲಿ. ಇದನ್ ಓದು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಸ್ಕ್ರೀನಿನ ಮೇಲೆ ಬೆರಳಿಟ್ಟಳು.

"ಲ... ಸಿ... ಕೆ. ಹಾ... ಕಿ... ಸ..." ಬೆರಳು ಅಲ್ಲೇ ನಿಂತಿತು. ಅಕ್ಷರದ ತಲೆಯನ್ನು ಉಗುರಿನಿಂದ ಕೆರೆದು ನೋಡಿದಳು. "ಗುಡಿಸು ಇಲ್ಲ. ಬರೇ ಸ... ದ. ಹಾಕಿಸದ. ಮಕ್ಕಳಿಗೆ. ಪ್ರವೇಶವಿಲ್ಲ. ಸರ್ಯಾಗೈತೆ ಬುಡು."

ಬೆಂಚಿಗೆ ವಾಪಸು ಹೋಗುತ್ತಾ ನಿಂತು ಯೋಚನೆ ಮಾಡಿದಳು. "ಹಂಗಾರೆ ನಮ್ ಮಗೀಗೂ ಇಲ್ಲ."

"ನಾಳೆ ಕರ್ಕಂಡ್ ಹೋಗ್ಬೇಕು ಅವ್ವ. ಡಾಕ್ಟ್ರು ತಾರೀಖು ಹೇಳವ್ರೆ."

"ಹೊತ್ತಾರೆನೇ ಹೊರ್ಡು. ಆಮ್ಯಾಕೆ ಜನ ಜಾಸ್ತಿ" ಅಂದಳು ದೊಡ್ಡಗಂಗಮ್ಮ, ಇನ್ನೊಂದು ತೊಳೆಯ ಬೀಜ ತೆಗೆಯುತ್ತಾ.

ಗಂಗಾಧರ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬರುವ ಹಾಗಾಯಿತು, ಅದೂ ಬರಲಿಲ್ಲ. ಕೊನೆಗೆ ಅವನಿಗೆ ಬರುವುದೊಂದೇ ಬಂತು. ಕೇಳಿದ.

"ಅವ್ವ, ನಾಲ್ಕ್ ವರ್ಷ ನಾನ್ ಕೇಳಿದಾಗೆಲ್ಲ ಬ್ಯಾಡ ಅಂದೆ. ನಂದಿತಾಗೂ ಬ್ಯಾಡ ಅಂದೆ. ಆಸ್ಪತ್ರೇಲಿ ಆ ನರ್ಸ್ ಹುಡ್ಗಿ ಸೂಜಿ ಚುಚ್ದಾಗ ಕೈ ಹಿಡ್ಕಂಡ್ ಕೂತಿದ್ಯಲ್ಲ. ಅವಾಗ್ ಯಾಕ್ ಬ್ಯಾಡ ಅನ್ಲಿಲ್ಲ?"

ದೊಡ್ಡಗಂಗಮ್ಮ ತೊಳೆಯನ್ನು ಮೊಮ್ಮಗಳ ಬಾಯಿಗಿಟ್ಟಳು.

"ನೀನ್ ಕೇಳ್ದೆ, ನಾನ್ ಹೇಳ್ದೆ. ಅವ್ಳು ಕೇಳ್ಲಿಲ್ಲ."